ಕಾಕು ಕಳಿಸಿದ ಫಾರ್ವರ್ಡ್

ನಮ್ಮ ಮನೆಯವರ ಗುಂಪಿನ ಹೆಸರು ‘ಆಳಂದ ರಸ್ತೆ ಬಳಗ’. ಕಲಬುರಗಿಯ ಆ ಹಳೇ ಮನೆ ಮಾರಿ ಹನ್ನೆರಡು ವರ್ಷವಾಯಿತು, ಹೆಸರು ಉಳಿದಿದೆ. ಸೋಮವಾರ ಬೆಳಿಗ್ಗೆ ಆರಕ್ಕೇ ಶಿವಲೀಲಾ ಕಾಕು ಅಲ್ಲೊಂದು ಫಾರ್ವರ್ಡ್ ಹಾಕಿದರು: ‘ನಿಮ್ಮದೇ ರಕ್ತದಿಂದ ಅಂಡಾಶಯಕ್ಕೆ ಮರುಜೀವ! 50 ದಾಟಿದರೂ ಮಗು!’ ಕೆಳಗೆ ಮೂರು ಕೈ ಮುಗಿದ ಗುರುತು. ಯಾರ ಹೆಸರೂ ಇರಲಿಲ್ಲ. ಆದರೆ ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿಲ್ಲದವರು ಗುಂಪಿನಲ್ಲಿ ಒಬ್ಬರೇ, ನಮ್ಮ ಸವಿತಾ ವೈನಿ.

‘ಎಲ್ಲಿಂದ ಬಂತು ಇದು? ಲಿಂಕ್ ಹಾಕಿ’ ಎಂದ ಶರಣು. ಇವನು ಶುಭೋದಯಕ್ಕೂ ಲಿಂಕ್ ಕೇಳುವವನು.

ಶಂಕರ ಕಾಕಾ ಬಂದರು. ‘ಎಲ್ಲಾ ಶರಣಬಸವೇಶ್ವರನ ಇಚ್ಛೆ. ಈಗಿನ ಹುಡುಗಿಯರು ನೌಕರಿ ಅಂತ ತಡ ಮಾಡುತ್ತಾರೆ, ಆಮೇಲೆ ದವಾಖಾನೆ ಅಲೆಯುತ್ತಾರೆ.’

‘ತಡ ಅಂದ್ರೆ ನೆನಪಾಯ್ತು’ ಎಂದಳು ಬೀದರಿನ ಸುಮಾ ಅಕ್ಕ. ‘ಶರಣಬಸವೇಶ್ವರನ ಜಾತ್ರೆಗೆ ತಡವಾಗಿ ಹೋಗಿ ತೇರೇ ತಪ್ಪಿತ್ತಲ್ವಾ? ಸುಮ್ನೆ ಮಿರ್ಚಿ ಭಜಿ ತಿಂದು ಬಂದೆವು.’ ಭಜಿಗೆ ಹನ್ನೊಂದು ನಗು ಬಿದ್ದವು.

ಆಗ ವೈನಿ ಬರೆದರು. ಅವರಿಗೆ ಲ್ಯಾಬಿನಲ್ಲಿ ಕೆಲಸ.

‘ಕಾಕು, ದಿನಾ ನನ್ನ ಕೈಯಲ್ಲಿ ಇರೋದು ರಕ್ತವೇ. ಟ್ಯೂಬನ್ನು ಮಷೀನಿನಲ್ಲಿ ತಿರುಗಿಸಿದರೆ ಕೆಂಪು ಕೆಳಗೆ ಕೂರುತ್ತದೆ, ಮೇಲೆ ಕುಸುಬಿ ಎಣ್ಣೆ ಬಣ್ಣದ ಪ್ಲಾಸ್ಮಾ ನಿಲ್ಲುತ್ತದೆ. ಅದರಲ್ಲಿ ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗ ತೆಗೆದು, ಸ್ಕ್ಯಾನಿಂಗ್ ನೋಡಿಕೊಂಡು ಸೂಜಿಯಿಂದ ಅಂಡಾಶಯಕ್ಕೆ ಬಿಡುತ್ತಾರೆ. ಪಿಆರ್‌ಪಿ ಅಂತಾರೆ. ಕೂದಲು ಉದುರುವವರ ತಲೆಗೂ ಇದನ್ನೇ ಚುಚ್ಚುತ್ತಾರೆ. ಮುಟ್ಟು ನಿಂತ ಕೆಲವರಿಗೆ ಇದರಿಂದ ಮತ್ತೆ ಬಂತು ಅಂತ ಅಥೆನ್ಸಿನ ವೈದ್ಯರು 2016ರಲ್ಲಿ ಹೇಳಿದ್ದರು. ಆದರೆ 40ಕ್ಕೆ ಮೊದಲೇ ಅಂಡಾಶಯ ಸೋತವರಲ್ಲಿ 100ಕ್ಕೆ 5ರಿಂದ 10 ಜನಕ್ಕೆ ಏನೂ ಮಾಡದೆಯೂ ಗರ್ಭ ನಿಲ್ಲುತ್ತದೆ. ಸೂಜಿಯಿಂದ ಆಯಿತೋ, ತಾನಾಗಿ ಆಯಿತೋ? ಮತ್ತೆ 2021ರ ಕಾನೂನಿನಂತೆ ನಮ್ಮ ದೇಶದಲ್ಲಿ 50 ದಾಟಿದ ಹೆಂಗಸಿಗೆ ಐವಿಎಫ್, ಅಂದ್ರೆ ಪ್ರಣಾಳ ಶಿಶು ಚಿಕಿತ್ಸೆ, ಮಾಡುವಂತಿಲ್ಲ.’

ಇಷ್ಟುದ್ದ ಬರೆದದ್ದರಲ್ಲಿ ಶಾಂತಾ ಅತ್ತೆಯ ಕಣ್ಣಿಗೆ ಬಿದ್ದದ್ದು ಒಂದೇ ಪದ.

‘ರಕ್ತ ಅಂದ್ರೆ, ನಮ್ಮವರ ಆಪರೇಷನ್ನಿಗೆ ಎರಡು ಬಾಟಲಿ ಬೇಕಿತ್ತು. ಅವತ್ತು ಫೋನ್ ಎತ್ತದವರು ಯಾರು, ಶಂಕರ?’

‘ಅಕ್ಕಾ, ಅವತ್ತು ನನಗೆ ಶುಗರ್ ಜಾಸ್ತಿ ಇತ್ತು.’

‘ಸಂಜೆ ಮದುವೆ ಊಟದಲ್ಲಿ ಹೋಳಿಗೆ ಹೊಡೆಯುವಾಗ ಇಳಿದಿತ್ತೇನು?’

ಶರಣು ಈ ಸಲ ಲಿಂಕ್ ಕೇಳಲಿಲ್ಲ. ತಾನೇ ಹಾಕಿದ. ಆ ಪಂಕ್ತಿಯ ಫೋಟೋ: ಕಾಕಾನ ಎಲೆಯಲ್ಲಿ ಎರಡು ಹೋಳಿಗೆ, ಮೂರನೆಯದು ಬಾಯಿಯ ಹತ್ತಿರ. ಇಷ್ಟು ವರ್ಷ ಫೋನಿನಲ್ಲಿ ಅದನ್ನು ಏಕೆ ಇಟ್ಟುಕೊಂಡಿದ್ದ, ದೇವರೇ ಬಲ್ಲ.

ಕಾಕಾ ಗುಂಪು ಬಿಟ್ಟರು. ನಾಲ್ಕನೇ ಸಲ. ಹಿಂದೆಯೇ ಕಾಕು ಆ ಫಾರ್ವರ್ಡ್ ಅಳಿಸಿದರು. ಈಗ ನೋಡಿದರೆ ವೈನಿ ಯಾರೂ ಕೇಳದೆ ಪಾಠ ಹೇಳಿದ ಹಾಗೆ ಕಾಣುತ್ತದೆ.

ರಾತ್ರಿ ವೈನಿ ನನಗೊಬ್ಬಳಿಗೇ ಮೆಸೇಜ್ ಮಾಡಿದರು. ‘ಕಾಕಾನ್ನ ಮತ್ತೆ ಸೇರಿಸು. ಅವರ ಶುಗರ್ ರಿಪೋರ್ಟ್ ಬಂದಿದೆ, ನಿಜವಾಗಿಯೂ ಜಾಸ್ತಿ ಇದೆ.’