ನೋನಿ ಜ್ಯೂಸ್ ಬಗ್ಗೆ ಸಹಾಯ ಬೇಕು, ಅಪ್ಪ ಮಾತೇ ಕೇಳ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಕೋಲಾರದವರು. ಅಪ್ಪನಿಗೆ 68 ವರ್ಷ, ಶುಗರ್ ಇದೆ, ಬಿಪಿಗೆ ಟೆಲ್ಮಿಸಾರ್ಟನ್ ತಗೊಳ್ಳುತ್ತಾರೆ, ಹೋದ ಸಲ ಕಿಡ್ನಿ ಹೇಗಿದೆ ಅಂತ ನೋಡೋ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಬೇರೆ ಸ್ವಲ್ಪ ಜಾಸ್ತಿ ಬಂದಿತ್ತು. ಈಗ ನಮ್ಮ ಸೋದರತ್ತೆ ಯಾರದೋ ಹತ್ತಿರ ನೋನಿ ಅನ್ನೋ ಹಣ್ಣಿನ ಜ್ಯೂಸ್ ತರಿಸಿ ಕೊಟ್ಟಿದ್ದಾರೆ. "ಇಮ್ಯುನಿಟಿ ಬರುತ್ತೆ ಕಣೋ, ನೆಗಡಿ ಹತ್ತಿರ ಸುಳಿಯಲ್ಲ" ಅಂತ. ಅಪ್ಪ ದಿನಾ ಬೆಳಿಗ್ಗೆ ಮುಚ್ಚಳದಲ್ಲಿ ಅಳೆದು, ಮುಖ ಕಿವುಚಿಕೊಂಡು ಕುಡಿಯುತ್ತಾರೆ. ವಾಸನೆಗೆ ಅಮ್ಮ ಅಡುಗೆಮನೆ ಬಿಟ್ಟು ಆಚೆ ಬರುತ್ತಾರೆ.

ನನ್ನ ಭಯ ಪೊಟ್ಯಾಸಿಯಂ ಬಗ್ಗೆ. ನೋನಿಯಲ್ಲಿ ಅದು ಜಾಸ್ತಿ, ಟೆಲ್ಮಿಸಾರ್ಟನ್ ಕೂಡ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು, ಕಿಡ್ನಿ ಸೋತಿದ್ದರೆ ಅದು ಹೊರಗೆ ಹೋಗೋದೂ ಕಷ್ಟ. ನೋನಿ ಕುಡಿದ ಕೆಲವರಿಗೆ ಲಿವರ್ ತೊಂದರೆ ಆದದ್ದೂ ವರದಿಯಾಗಿದೆ. ಬಾಟಲಿ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇದು ಔಷಧಿಯಲ್ಲ ಅಂತ ಅವರೇ ಬರೆದಿದ್ದಾರೆ! ಅಪ್ಪ ಕನ್ನಡಕ ಹಾಕಿಕೊಂಡು ಓದಿ, "ಎಲ್ಲದರ ಮೇಲೂ ಹಂಗೇ ಬರೀತಾರೆ" ಅಂದರು.

ವಿಟಮಿನ್ ಸಿ ಬೇಕಾದರೆ ಸೀಬೆಹಣ್ಣು ಇದೆಯಲ್ವಾ, 100 ಗ್ರಾಂನಲ್ಲಿ ಸುಮಾರು 200 ಮಿಲಿಗ್ರಾಂ ಸಿಗುತ್ತೆ, ದಿನಕ್ಕೆ ಬೇಕಾಗಿರೋದು 80. ವಿಟಮಿನ್ ಸಿ ಕೂಡ ನೆಗಡಿ ಬರದಂತೆ ತಡೆಯಲ್ಲ, ದಿನಾ ತಗೊಳ್ಳುವವರಿಗೆ ಸ್ವಲ್ಪ ಬೇಗ ಬಿಡುತ್ತೆ ಅಷ್ಟೇ.

ಇಲ್ಲಿ ಡಾಕ್ಟರ್, ಡಯಟಿಷಿಯನ್ ಯಾರಾದರೂ ಇದ್ದರೆ ಹೇಳಿ: ಈಗಲೇ ನಿಲ್ಲಿಸಿ ಪೊಟ್ಯಾಸಿಯಂ ಟೆಸ್ಟ್ ಮಾಡಿಸಲಾ? ಜೊತೆಗೆ ಲಿವರ್ ಟೆಸ್ಟೂ ಬೇಕಾ? ಇನ್ನೊಂದು, ಅತ್ತೆ ಬೇಜಾರಾಗದ ಹಾಗೆ ಹೇಳೋದು ಹೇಗೆ? ಎರಡನೇ ಬಾಟಲಿಗೆ ಆಗಲೇ ದುಡ್ಡು ಕೊಟ್ಟಿದ್ದಾರಂತೆ.