ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿದೆ, 14 ವರ್ಷದ ಕೆಲಸ ಅದರೊಳಗಿದೆ

ಪ್ರಶ್ನೆ (ಡಿಟಿಪಿ ಸೆಂಟರ್ ನಡೆಸುವವರು, ತೀರ್ಥಹಳ್ಳಿ ಕಡೆಯಿಂದ):

ಮೇಡಂ, ನಮಸ್ಕಾರ. ನಮ್ಮದು ಸಣ್ಣ ಡಿಟಿಪಿ ಸೆಂಟರ್. ಮದುವೆ ಪತ್ರಿಕೆ, ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ, ವರ್ಷಕ್ಕೆ ಒಂದೆರಡು ಪುಸ್ತಕ. ಎಲ್ಲ ಪೇಜ್‌ಮೇಕರ್‌ನಲ್ಲಿ, ನುಡಿ ಫಾಂಟಿನಲ್ಲಿ. ನಿನ್ನೆ ಸಂಜೆ ಗುಡುಗು ಮಳೆ. ಕರೆಂಟು ಮೂರು ಸಲ ಹೋಗಿ ಬಂತು. ಆಮೇಲೆ ಆನ್ ಮಾಡಿದರೆ ವಿಂಡೋಸ್ ಬರುತ್ತಿಲ್ಲ. ಒಳಗಿಂದ ಟಕ್, ಟಕ್, ಟಕ್ ಅಂತ ಎಂಟು ಹತ್ತು ಸಲ ಸದ್ದು ಬರುತ್ತದೆ, ಆಮೇಲೆ ನಿಂತುಹೋಗುತ್ತದೆ. 1 ಟಿಬಿ ಡಿಸ್ಕು. ಬ್ಯಾಕಪ್ ಇರಲಿ ಅಂತ ಡಿ ಡ್ರೈವಿನಲ್ಲಿ ಎಲ್ಲದರ ಕಾಪಿ ಇಟ್ಟಿದ್ದೆ. ಇಲ್ಲಿನ ರಿಪೇರಿಯವರು ಡಿಸ್ಕ್ ಬಿಚ್ಚಿ ನೋಡೋಣ ಅಂತಾರೆ. ಯೂಟ್ಯೂಬಿನಲ್ಲಿ ಫ್ರಿಜ್ಜಿನಲ್ಲಿಡಿ ಅಂತಾರೆ. ಮುಂದಿನ ವಾರ ದೇವಸ್ಥಾನದ ಸ್ಮರಣ ಸಂಚಿಕೆ ಪ್ರೆಸ್ಸಿಗೆ ಹೋಗಬೇಕು. ಕೈಕಾಲೇ ಆಡುತ್ತಿಲ್ಲ. ಏನು ಮಾಡಲಿ?

ಉತ್ತರ (ಡೇಟಾ ರಿಕವರಿ ಕೆಲಸ ಮಾಡುವವರು):

ಸರ್, ಇದನ್ನು ಓದುತ್ತಿರುವಾಗಲೂ ಕಂಪ್ಯೂಟರ್ ಆನ್ ಇದ್ದರೆ ಮೊದಲು ಹೋಗಿ ಪ್ಲಗ್ ಕಿತ್ತು ಬನ್ನಿ. ಶಟ್‌ಡೌನ್‌ಗೆ ಕಾಯಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಆ ಸದ್ದು ಏನು ಅಂತ ಗೊತ್ತಾದರೆ ನಾನು ಯಾಕೆ ಇಷ್ಟು ಅವಸರ ಮಾಡುತ್ತಿದ್ದೇನೆ ಅಂತ ತಿಳಿಯುತ್ತದೆ. ಡಿಸ್ಕಿನ ಒಳಗೆ ಕನ್ನಡಿ ಥರ ಹೊಳೆಯುವ ತಟ್ಟೆಗಳಿವೆ. ಡೆಸ್ಕ್‌ಟಾಪ್ ಡಿಸ್ಕಾದರೆ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು. ಅದರ ಮೇಲೆ ಒಂದು ಸಣ್ಣ ತೋಳಿನ ತುದಿಯಲ್ಲಿ ಓದುವ ಹೆಡ್ ತೇಲುತ್ತಿರುತ್ತದೆ. ತಟ್ಟೆಗೂ ಹೆಡ್ಡಿಗೂ ನಡುವೆ ಇರುವ ಜಾಗ ಕೆಲವೇ ನ್ಯಾನೋಮೀಟರ್, ಅಂದರೆ ನಮ್ಮ ತಲೆಗೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಆನ್ ಆದ ಕೂಡಲೇ ಹೆಡ್ ತಟ್ಟೆಯ ಮೇಲಿನ ದಾರಿ ಗುರುತುಗಳನ್ನು ಹುಡುಕುತ್ತದೆ. ಸಿಗಲಿಲ್ಲ ಅಂದರೆ ತೋಳು ವಾಪಸ್ ಬಂದು ಮತ್ತೆ ಹೋಗುತ್ತದೆ. ಆ ಹೋಗಿ ಬರುವುದೇ ಟಕ್ ಟಕ್. ಹೆಡ್ ಮುರಿದಿದ್ದರೆ ಅಥವಾ ಬಾಗಿದ್ದರೆ ಅದು ತಟ್ಟೆಯನ್ನು ಕೆರೆಯುತ್ತದೆ. ಅಂಥ ತಟ್ಟೆಗಳನ್ನು ಎಷ್ಟೋ ನೋಡಿದ್ದೇನೆ. ಸ್ಟೀಲ್ ತಟ್ಟೆಯನ್ನು ತಂತಿ ನಾರಿನಲ್ಲಿ ಒಂದೇ ಕಡೆ ತಿಕ್ಕಿದ ಹಾಗೆ ಬಳೆಯಾಕಾರದ ಮಾಸಲು ಗೆರೆ, ಮುಚ್ಚಳದ ಒಳಗೆ ಕಪ್ಪು ಪುಡಿ. ನಿಮ್ಮ ಫೈಲುಗಳು ಇದ್ದದ್ದು ಆ ಪುಡಿಯಲ್ಲೇ. ಪುಡಿಯಾದ ಮೇಲೆ ಯಾರಿಂದಲೂ ತೆಗೆಯಲಾಗುವುದಿಲ್ಲ. "ಇನ್ನೊಂದೇ ಸಲ ಆನ್ ಮಾಡಿ ನೋಡೋಣ" ಅನ್ನುವಾಗಲೇ ಜಾಸ್ತಿ ಹಾಳಾಗುವುದು.

ಒಂದು ಸಣ್ಣ ಆಸೆಯೂ ಇದೆ. ಕರೆಂಟು ಹೋಗಿ ಬಂದು ನಿಮ್ಮ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಡಬ್ಬಿ) ಬಲ ಕಳೆದುಕೊಂಡಿದ್ದರೂ ಡಿಸ್ಕ್ ಸರಿಯಾಗಿ ತಿರುಗಲಾರದೆ ಇದೇ ಥರ ಸದ್ದು ಮಾಡಬಹುದು. ಒಂದು ಸಲ, ಒಂದೇ ಒಂದು ಸಲ, ಒಳ್ಳೆಯ ಎಸ್‌ಎಂಪಿಎಸ್‌ಗೆ ಬೇರೆ ಕೇಬಲ್ ಹಾಕಿ ನೋಡಿಸಿ. ಟಕ್ ಅಂದ ಕೂಡಲೇ ತೆಗೆಸಿಬಿಡಿ.

ಬಿಚ್ಚಲು ಖಂಡಿತ ಕೊಡಬೇಡಿ. ಆ ಹುಡುಗರು ಕೆಲಸ ಬಲ್ಲವರೇ ಇರಬಹುದು, ಅದಕ್ಕಲ್ಲ. ನಮ್ಮ ಕಣ್ಣಿಗೆ ಕಾಣದ ದೂಳಿನ ಕಣವೂ ಆ ಹೆಡ್ಡಿಗೆ ದಾರಿಯಲ್ಲಿ ಬಿದ್ದ ಬಂಡೆ. ಹಾಗಾಗಿ ದೂಳು ಸೋಸಿದ ಗಾಳಿ ಬೀಸುವ ಬೆಂಚಿನ ಮೇಲೆ ಮಾತ್ರ ತೆರೆಯಬೇಕು. ಹೋದ ತಿಂಗಳು ನನ್ನ ಕೈಗೆ ಬಂದ ಒಂದು ಡಿಸ್ಕಿನ ತಟ್ಟೆಯ ಮೇಲೆ ಪೂರ್ತಿ ಹೆಬ್ಬೆಟ್ಟಿನ ಗುರುತಿತ್ತು. ಫ್ರಿಜ್ ಇನ್ನೂ ಕೆಟ್ಟದ್ದು. ಫ್ರಿಜ್ಜಿನಿಂದ ತೆಗೆದ ಚೊಂಬಿನ ಮೇಲೆ ಹನಿ ಕೂರುತ್ತದೆ ಅಲ್ವಾ? ಹಾಗೇ ತಟ್ಟೆಯ ಮೇಲೂ ಕೂರುತ್ತದೆ. ಹಳೇ ಡಿಸ್ಕಿನ ಹಸಿರು ಬೋರ್ಡ್ ತಂದು ಹಾಕುವುದೂ ಬೇಡ. ಈಗಿನ ಬೋರ್ಡುಗಳ ಚಿಪ್ಪಿನಲ್ಲಿ ಆಯಾ ಡಿಸ್ಕಿನದೇ ಅಳತೆ ಬರೆದಿರುತ್ತದೆ. ಒಂದರದ್ದು ಇನ್ನೊಂದಕ್ಕೆ ಸುಮ್ನೆ ಕೂರುವುದಿಲ್ಲ.

ಡಿ ಡ್ರೈವಿನ ಕಾಪಿ ಬಗ್ಗೆ ಹೇಳಲು ಬೇಜಾರಾಗುತ್ತದೆ. ನಿಮ್ಮ ಹತ್ತಿರ ಇರುವುದು ಒಂದೇ ಡಿಸ್ಕಾದರೆ ಸಿ, ಡಿ ಎರಡೂ ಒಂದೇ ಮನೆಯ ಎರಡು ಕೋಣೆ. ಬಿದ್ದಿರುವುದು ಮನೆಯೇ.

ಸ್ಮರಣ ಸಂಚಿಕೆಗೆ ಇವತ್ತೇ ಹುಡುಕಾಟ ಶುರು ಮಾಡಿ, ಡಿಸ್ಕಿನಲ್ಲಲ್ಲ, ಹೊರಗೆ. ಕಮಿಟಿಯವರಿಗೆ ಪ್ರೂಫ್ ಅಂತ ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸಿರುತ್ತೀರಿ. ನಿಮ್ಮ ಇಮೇಲಿನ ಸೆಂಟ್ ಫೋಲ್ಡರ್ ನೋಡಿ. ಹಳೆಯ ಪುಸ್ತಕಗಳ ಫೈಲು ಪ್ರೆಸ್ಸಿನವರ ಹತ್ತಿರ ಇರಬಹುದು, ಫೋನ್ ಮಾಡಿ ಕೇಳಿ. ಪೆನ್‌ಡ್ರೈವುಗಳನ್ನೆಲ್ಲ ಒಂದು ಕಡೆ ಹಾಕಿ, ಆದರೆ ಅದರಲ್ಲಿ ಹೊಸದೇನೂ ಬರೆಯಬೇಡಿ. ಅಳಿಸಿದ್ದೂ ಅದರಲ್ಲಿ ಸಿಗುವ ಸಾಧ್ಯತೆ ಇರುತ್ತದೆ.

ಅದೇ ಸದಸ್ಯರು, ಎರಡು ದಿನದ ನಂತರ:

ಬೇರೆ ಎಸ್‌ಎಂಪಿಎಸ್‌ಗೆ ಹಾಕಿದರೂ ಅದೇ ಸದ್ದು ಮೇಡಂ, ತೆಗೆದಿಟ್ಟೆವು. ಸಂಚಿಕೆಯ 120 ಪುಟದಲ್ಲಿ 96 ಪುಟ ಕಾರ್ಯದರ್ಶಿಯವರ ವಾಟ್ಸಾಪಿನಲ್ಲಿ ಸಿಕ್ಕಿತು! ಉಳಿದದ್ದನ್ನು ಮನೆಯವಳೂ ನಾನೂ ಕೂತು ಟೈಪ್ ಮಾಡುತ್ತಿದ್ದೇವೆ. ಡಿಸ್ಕನ್ನು ಬೆಂಗಳೂರಿಗೆ ಕಳಿಸಬೇಕು ಅಂತಿದ್ದೇನೆ. ಏನು ಕೇಳಬೇಕು ಅವರನ್ನು? ಹೊಸ ಕಂಪ್ಯೂಟರಿನಲ್ಲಿ ಇನ್ನು ಮುಂದೆ ಹೇಗೆ ಇಟ್ಟುಕೊಳ್ಳಲಿ?

ಉತ್ತರ:

96 ಪುಟ ಸಿಕ್ಕಿತು ಅಂತ ಓದಿ ನನಗೇ ಜೀವ ಬಂದ ಹಾಗಾಯಿತು ಸರ್.

ಆದರೆ ಡಿಸ್ಕನ್ನು ಕೈಯಲ್ಲೇ ಒಯ್ಯಿರಿ. ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಳ್ಳಿ. ಮೂರು ಮಾತು ಕೇಳಿ. ಪರೀಕ್ಷೆಗೆ ಎಷ್ಟು ಶುಲ್ಕ, ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕು, ಮೊದಲು ಇಡೀ ಡಿಸ್ಕಿನ ಇಮೇಜ್ (ಇದ್ದದ್ದು ಇದ್ದ ಹಾಗೇ ಪೂರ್ತಿ ಪ್ರತಿ) ತೆಗೆದು ಆಮೇಲೆ ಆ ಇಮೇಜಿನ ಮೇಲೆ ಕೆಲಸ ಮಾಡುತ್ತೀರಾ. ಕೊನೆಯದಕ್ಕೆ "ಹೌದು" ಅನ್ನದವರಿಗೆ ಕೊಡಬೇಡಿ. ಹೆಡ್ ಬದಲಿಸಬೇಕಾದರೆ ಖರ್ಚು ಹತ್ತಾರು ಸಾವಿರಕ್ಕೆ ಹೋಗಬಹುದು. ವಾರಂಟಿ ಇದ್ದರೂ ಕಂಪನಿ ಕೊಡುವುದು ಹೊಸ ಡಿಸ್ಕು, ನಿಮ್ಮ ಕೆಲಸವನ್ನಲ್ಲ. ಹಾಗಾಗಿ ಮನೆಯಲ್ಲಿ ಕೂತು ಲೆಕ್ಕ ಹಾಕಿ, ಅದರೊಳಗೆ ಮತ್ತೆ ಮಾಡಲಾಗದ್ದು ಎಷ್ಟಿದೆ ಅಂತ.

ಇನ್ನು ಮುಂದಿನದು. 3-2-1 ಅಂತ ಒಂದು ಲೆಕ್ಕವಿದೆ. ಅದನ್ನು ಜನರ ಬಾಯಲ್ಲಿ ನಿಲ್ಲಿಸಿದವರು ಪೀಟರ್ ಕ್ರೋ ಎಂಬ ಅಮೆರಿಕದ ಫೋಟೋಗ್ರಾಫರ್. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಜಾಗದಲ್ಲಿ. ನಿಮ್ಮ ಅಂಗಡಿಗೆ ಅದನ್ನು ಹೀಗೆ ಹೊಂದಿಸಬಹುದು. ಕಂಪ್ಯೂಟರಿನಲ್ಲಿ ಒಂದು. ಎರಡು ಎಕ್ಸ್‌ಟರ್ನಲ್ ಡಿಸ್ಕ್ ತಗೊಳ್ಳಿ, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ಶನಿವಾರ ಅಂಗಡಿಯದಕ್ಕೆ ಕಾಪಿ ಮಾಡಿ ಮನೆಗೆ ಒಯ್ದು, ಸೋಮವಾರ ಮನೆಯದನ್ನು ತನ್ನಿ. ನಡೆಯುತ್ತಿರುವ ಕೆಲಸದ ಫೋಲ್ಡರ್ ಮಾತ್ರ ದಿನವೂ ಗೂಗಲ್ ಡ್ರೈವಿಗೆ ಹೋಗಲಿ. ಪೇಜ್‌ಮೇಕರ್ ಫೈಲುಗಳು ಸಣ್ಣವು, ಉಚಿತವಾಗಿ ಕೊಡುವ 15 ಜಿಬಿ ಸದ್ಯಕ್ಕೆ ಸಾಕು.

ಕಾಪಿ ಮುಗಿದ ಕೂಡಲೇ ಡಿಸ್ಕ್ ಕಿತ್ತಿಡಿ. ಸಿಕ್ಕಿಸಿಯೇ ಬಿಟ್ಟರೆ ಸಿಡಿಲು ಬಡಿದರೂ, ಫೈಲುಗಳಿಗೆ ಬೀಗ ಹಾಕುವ ವೈರಸ್ ಬಂದರೂ ಎರಡೂ ಒಟ್ಟಿಗೆ ಹೋಗುತ್ತವೆ. ಮಲೆನಾಡಿನ ಮಳೆಗಾಲ ನಿಮಗೇ ಗೊತ್ತು, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಯುಪಿಎಸ್ ಇಲ್ಲದೆ ಮಾತ್ರ ಇನ್ನು ಕೆಲಸ ಮಾಡಬೇಡಿ.

ನಿಮ್ಮಂಥವರಿಗೆ ಒಂದು ವಿಷಯ ಬೇರೆಯಾಗಿಯೇ ಹೇಳಬೇಕು. ಪೇಜ್‌ಮೇಕರ್ ಫೈಲು ಉಳಿದರೂ ಫಾಂಟ್ ಹೋದರೆ ಕನ್ನಡ ಹೋಯಿತು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ್ದು ಯೂನಿಕೋಡ್ ಅಲ್ಲ, ಅಂದರೆ ಕನ್ನಡದ ಅಕ್ಷರಕ್ಕೆ ತನ್ನದೇ ಸಂಖ್ಯೆ ಇರುವ ಈಗಿನ ಪದ್ಧತಿಯದಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟಿಲ್ಲದ ಕಂಪ್ಯೂಟರಿನಲ್ಲಿ "ಕನ್ನಡ" ಅನ್ನುವ ಪದ ತೆರೆದರೆ ಮೊದಲು ಇಂಗ್ಲಿಷಿನ ಪಿ, ಆಮೇಲೆ ತಲೆಯ ಮೇಲೆ ಗೀಟಿರುವ ಎ, ಆಮೇಲೆ ಪೌಂಡಿನ ಚಿಹ್ನೆ. ಹೀಗೆ ಪುಟವಿಡೀ. ಒಬ್ಬರು ತಮ್ಮ ಮನೆತನದ ವಂಶಾವಳಿಯ ಫೈಲನ್ನು ಹೀಗೇ ತಂದು, ಕೆಟ್ಟುಹೋಗಿದೆ ಅಂತ ಕಣ್ಣೀರು ಹಾಕಿದ್ದರು. ಕೆಟ್ಟಿರಲಿಲ್ಲ, ಫಾಂಟ್ ಹಾಕಿದ ಕೂಡಲೇ ಅಜ್ಜನ ಹೆಸರು ಕಾಣಿಸಿತು. ಆದ್ದರಿಂದ ಬ್ಯಾಕಪ್ಪಿನಲ್ಲಿ ನುಡಿಯ ಸೆಟಪ್, ಬಳಸಿದ ಎಲ್ಲ ಫಾಂಟ್, ಪ್ರತಿ ಪುಸ್ತಕದ ಪಿಡಿಎಫ್, ಸಾಧ್ಯವಾದರೆ ಯೂನಿಕೋಡ್‌ಗೆ ಬದಲಿಸಿದ ಪಠ್ಯವೂ ಇರಲಿ. ಫೋಟೋಗಳನ್ನು ಮರೆಯಬೇಡಿ. ಪೇಜ್‌ಮೇಕರ್ ಎಷ್ಟೋ ಸಲ ಫೋಟೋವನ್ನು ಒಳಗೆ ಇಟ್ಟುಕೊಳ್ಳುವುದಿಲ್ಲ, ಎಲ್ಲಿದೆ ಅಂತ ಗುರುತು ಮಾತ್ರ ಇಟ್ಟುಕೊಳ್ಳುತ್ತದೆ. ಸೇವ್ ಆ್ಯಸ್ ಕೊಡುವಾಗ ಲಿಂಕ್ ಆದ ಎಲ್ಲವನ್ನೂ ಕಾಪಿ ಮಾಡುವ ಆಯ್ಕೆಯಿದೆ, ಅದನ್ನು ಒತ್ತಿ.

ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕನ್ನು ಬೇರೆಯವರ ಕಂಪ್ಯೂಟರಿಗೆ ಹಾಕಿ, ಯಾವುದಾದರೂ ಒಂದು ಫೈಲು ತೆರೆಯಿರಿ. ಒಬ್ಬರು ಮೇಷ್ಟ್ರು ನಾಲ್ಕು ವರ್ಷ ತಪ್ಪದೆ ಪೆನ್‌ಡ್ರೈವಿಗೆ ಬ್ಯಾಕಪ್ ಮಾಡಿದ್ದರು. ಡಿಸ್ಕ್ ಹೋದ ದಿನ ಪೆನ್‌ಡ್ರೈವ್ ತೆರೆದೆವು. ಎಲ್ಲ ಫೋಲ್ಡರಿನ ಹೆಸರೂ ಇತ್ತು, ಒಂದೊಂದರ ಮೂಲೆಯಲ್ಲೂ ಸಣ್ಣ ಬಾಣದ ಗುರುತು, ಒಂದೊಂದೂ 2 ಕೆಬಿ. ಅವರು ಕಾಪಿ ಮಾಡಿದ್ದು ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ಗಳನ್ನು. ಫೈಲಿಗೆ ದಾರಿ ತೋರಿಸುವ ಗುರುತು ಅಷ್ಟೇ, ಫೈಲಲ್ಲ. ಅವರ ಮುಖ ನನಗೆ ಇನ್ನೂ ನೆನಪಿದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ):

ಅಕ್ಕ, ನನ್ನ ಲ್ಯಾಪ್‌ಟಾಪಿನಲ್ಲಿರುವುದು ಎಸ್‌ಎಸ್‌ಡಿ. ಚಿಪ್ಪಿನಲ್ಲೇ ಫೈಲು ಇಡುವ ಡಿಸ್ಕು, ಅದರಲ್ಲಿ ತಿರುಗುವುದೇ ಏನಿಲ್ಲವಲ್ಲ, ಭಯವಿಲ್ಲ ಅಲ್ವಾ? ಮಗುವಿನ ಫೋಟೋ ಎಲ್ಲ ಗೂಗಲ್ ಫೋಟೋಸ್‌ನಲ್ಲಿವೆ.

ಉತ್ತರ:

ಕೈತಪ್ಪಿ ಬಿದ್ದರೆ ಎಸ್‌ಎಸ್‌ಡಿ ತಾಳಿಕೊಳ್ಳುತ್ತದಮ್ಮ, ನಿಜ. ಆದರೆ ಹೋಗುವಾಗ ಸದ್ದೂ ಮಾಡುವುದಿಲ್ಲ. ನಿನ್ನೆ ಚೆನ್ನಾಗಿತ್ತು, ಇವತ್ತು ಕಾಣಿಸುತ್ತಲೇ ಇಲ್ಲ ಅಂತ ತರುತ್ತಾರೆ. ಅಳಿಸಿದ ಫೈಲೂ ಅದರಲ್ಲಿ ಬಹುಮಟ್ಟಿಗೆ ವಾಪಸ್ ಬರುವುದಿಲ್ಲ, ಖಾಲಿಯಾದ ಜಾಗವನ್ನು ಅದೇ ತಾನಾಗಿ ಒರೆಸಿಬಿಡುತ್ತದೆ. ಫೋಟೋ ತುಂಬಿ ವರ್ಷಗಟ್ಟಲೆ ಬೀರುವಿನಲ್ಲಿ ಇಡಲು ಎಸ್‌ಎಸ್‌ಡಿ ಬೇಡ.

ಗೂಗಲ್ ಫೋಟೋಸ್ ಇರಲಿ, ಅದೊಂದೇ ಸಾಲದು. ಫೋನಿನಲ್ಲಿ ಜಾಗ ಮಾಡಲು ಆ ಆ್ಯಪಿನಲ್ಲೇ ಡಿಲೀಟ್ ಒತ್ತಿದರೆ ಅಲ್ಲಿಂದಲೂ ಹೋಗುತ್ತದೆ. 60 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಆಮೇಲೆ ಇಲ್ಲ. ಟೇಕ್‌ಔಟ್ ಅಂತ ಗೂಗಲ್‌ನದೇ ಸೌಲಭ್ಯವಿದೆ, ಆರು ತಿಂಗಳಿಗೊಮ್ಮೆ ಎಲ್ಲ ಇಳಿಸಿ ಒಂದು ಡಿಸ್ಕಿಗೆ ಹಾಕಿಡಿ.

ಜೊತೆಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಡಿಸ್ಕಿನ ಆರೋಗ್ಯ ತೋರಿಸುವ ಉಚಿತ ಸಾಫ್ಟ್‌ವೇರ್ ಇದೆ. ತಿರುಗುವ ಡಿಸ್ಕ್ ಇರುವವರಂತೂ ಇವತ್ತೇ ಹಾಕಿ ನೋಡಿ. ಹಳದಿ ಬಣ್ಣ ಬಂದರೆ ಅವತ್ತೇ ಕಾಪಿ ತೆಗೆಯಿರಿ. ಚೆಕ್‌ಡಿಸ್ಕ್ ಅನ್ನುವ ವಿಂಡೋಸಿನ ಡಿಸ್ಕ್ ಪರೀಕ್ಷೆ ಓಡಿಸಲು ಹೋಗಬೇಡಿ, ಸಾಯುತ್ತಿರುವ ಡಿಸ್ಕಿಗೆ ಅದು ಇನ್ನಷ್ಟು ದುಡಿಸುವ ಕೆಲಸ.

ಮೊದಲ ಸದಸ್ಯರು, ಹನ್ನೆರಡು ದಿನದ ನಂತರ:

ಮೇಡಂ, ಸಂಚಿಕೆ ಪ್ರೆಸ್ಸಿಗೆ ಹೋಯಿತು. ಬೆಂಗಳೂರಿನವರು ಫೋನ್ ಮಾಡಿದ್ದರು. ಒಂದು ತಟ್ಟೆಯ ಒಂದು ಮಗ್ಗುಲು ಕೆರೆದಿದೆಯಂತೆ, ಉಳಿದದ್ದು ಓದಲು ಬಂತಂತೆ. ಫೈಲುಗಳ ಪಟ್ಟಿ ಕಳಿಸಿದ್ದಾರೆ, ಹೆಚ್ಚುಕಡಿಮೆ ಎಲ್ಲ ಹೆಸರೂ ಇದೆ. ದುಡ್ಡು ಕಟ್ಟಿಬಿಡಲಾ?

ಉತ್ತರ:

ಒಳ್ಳೇ ಸುದ್ದಿ ಸರ್! ಆದರೆ ತಡೆಯಿರಿ. ಪಟ್ಟಿಯಲ್ಲಿ ಹೆಸರಿದೆ ಅಂದರೆ ಫೈಲು ಪೂರ್ತಿ ಇದೆ ಅಂತಲ್ಲ. ಒಂದು ಮಗ್ಗುಲು ಹೋಗಿದ್ದರೆ ದೊಡ್ಡ ಫೈಲುಗಳ ನಡುವೆ ತೂತು ಬಿದ್ದಿರುತ್ತದೆ. ಸಣ್ಣ ಮದುವೆ ಪತ್ರಿಕೆಗಳು ಉಳಿದಿರಬಹುದು, ಪುಸ್ತಕಗಳನ್ನೇ ನೋಡಬೇಕು. ನುಡಿ ಫಾಂಟ್, ಪೇಜ್‌ಮೇಕರ್ ಎರಡೂ ಇರುವ ಲ್ಯಾಪ್‌ಟಾಪ್ ಒಯ್ಯಿರಿ, ಒಂದು ಹೊಸ ಡಿಸ್ಕೂ ಇರಲಿ. ನಿಮಗೆ ತೀರಾ ಬೇಕಾದ ಹತ್ತು ಫೈಲು ಆರಿಸಿ ಅಲ್ಲೇ ತೆರೆಸಿ, ಮೊದಲ ಪುಟ, ನಡುವಿನ ಪುಟ, ಕೊನೆಯ ಪುಟ ನೋಡಿ. ಆಮೇಲೆ ದುಡ್ಡು ಕೊಡಿ.