ಪದಚರ್ಚೆ: ‘ನೊಂಗ್‌ಕ್ರೊಂಗ್’ಗೆ ಕನ್ನಡದಲ್ಲಿ ಏನು? (ತುರ್ತು)

ಮಾನ್ಯರೇ,

ಇಂಡೋನೇಷ್ಯದ ತರುಣ ತರುಣಿಯರ ಕುರಿತ ಛಾಯಾಚಿತ್ರ ಪ್ರದರ್ಶನವೊಂದಕ್ಕೆ ಅಡಿಬರಹ ಬರೆಯುತ್ತಿದ್ದೇನೆ. ಫಲಕಗಳು ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಉಳಿದದ್ದೆಲ್ಲ ಮುಗಿದು ‘ನೊಂಗ್‌ಕ್ರೊಂಗ್’ ಒಂದು ಗಂಟಲಲ್ಲಿ ಸಿಕ್ಕಿಕೊಂಡಿದೆ. ಒಂದು ವಿಭಾಗದ ತಲೆಬರಹವೇ ಅದು, ಬಿಡುವಂತಿಲ್ಲ.

ಗೆಳೆಯರೆಲ್ಲ ಒಂದೆಡೆ ಸೇರಿ, ಇಂಥದ್ದೇ ಎಂಬ ಕೆಲಸವಿಲ್ಲದೆ, ಗಂಟೆಗಟ್ಟಲೆ ಕುಳಿತಿರುವುದು ಎಂಬುದು ಅರ್ಥ. ಅವರ ನಿಘಂಟು ‘ಕುಕ್ಕರಗಾಲಿನಲ್ಲಿ ಕೂರು’ ಎಂದೂ ‘ಕೆಲಸವಿಲ್ಲದೆ ಸುಮ್ಮನೆ ಕುಳಿತಿರು’ ಎಂದೂ ಹೇಳುತ್ತದೆ. ಈಗಿನವರ ಬಾಯಲ್ಲಿ ಆ ತಿರಸ್ಕಾರ ಇಲ್ಲ. ನನ್ನ ಮುಂದಿರುವ ಚಿತ್ರ ಯೋಗ್ಯಕರ್ತ ನಗರದ್ದು. ರಾತ್ರಿ, ತುಗು ರೈಲು ನಿಲ್ದಾಣದ ಹತ್ತಿರ ಒಂದು ‘ಅಂಗ್‌ಕ್ರಿಂಗನ್’, ಅಂದರೆ ತಳ್ಳುಗಾಡಿಯ ತಿಂಡಿಯಂಗಡಿ. ಕಪ್ಪು ಕಾಫಿಯ ಲೋಟಕ್ಕೆ ನಿಗಿನಿಗಿ ಕೆಂಡವನ್ನೇ ಹಾಕಿ ಕೊಡುವ ‘ಕೋಪಿ ಜೋಸ್’. ಬೆಕ್ಕಿಗೆ ಇಡುವಷ್ಟೇ ಅನ್ನ ಎಂದು ‘ನಾಸಿ ಕುಚಿಂಗ್’ ಹೆಸರು ಪಡೆದ ಪುಟ್ಟ ಪೊಟ್ಟಣಗಳು. ಚಾಪೆಯ ಮೇಲೆ ಐವರು. ಇಬ್ಬರು ಮಾತಾಡುತ್ತಿದ್ದಾರೆ, ಇಬ್ಬರು ಮೊಬೈಲಿನಲ್ಲಿ ಮುಳುಗಿದ್ದಾರೆ, ಒಬ್ಬ ಮಲಗಿದ್ದಾನೆ. ಐವರೂ ಮಾಡುತ್ತಿರುವುದು ನೊಂಗ್‌ಕ್ರೊಂಗ್. ‘ಹರಟೆ’ ಎಂದರೆ ಮೂವರು ಹೊರಗುಳಿಯುತ್ತಾರೆ.

— ವ. ಎಸ್., ಮೈಸೂರು

ಪಟ್ಟಾಂಗ. ನಮ್ಮ ಕಡೆ ಮೊದಲಿನಿಂದಲೂ ಇರುವ ಪದ. ಪೇಟೆಯವರಿಗೆ ಗೊತ್ತಿಲ್ಲ ಎಂದ ಮಾತ್ರಕ್ಕೆ ಕನ್ನಡದಲ್ಲಿ ಪದವೇ ಇಲ್ಲ ಎಂದಾಗುವುದಿಲ್ಲ.

— ಗ. ಭ., ಪುತ್ತೂರು

ಪಟ್ಟಾಂಗಕ್ಕೆ ಬಾಯಿ ಬೇಕು. ಮಲಗಿದವನು ಹೇಗೆ ಪಟ್ಟಾಂಗ ಹೊಡೆಯುತ್ತಾನೆ?

‘ಬರಿಗೂರಿಕೆ’ ಎನ್ನಿ. ಬರಿಗೈ, ಬರಿಗಾಲು ಇದ್ದ ಮೇಲೆ ಬರಿಗೂರಿಕೆ ಏಕಾಗದು? ಕಕಾರ ಗಕಾರವಾಗುವ ಆದೇಶಸಂಧಿ ಸರಿಯಾಗಿಯೇ ಇದೆ. ಇನ್ನೊಂದು ಮಾತು: ‘ಕ್ರೊಂಗ್’ ಎಂಬುದಕ್ಕೂ ನಮ್ಮ ‘ಕುಕ್ಕರಿಸು’ವಿಗೂ ನಂಟಿರಬೇಕು ಎಂದು ನನಗೆ ಬಲವಾದ ಗುಮಾನಿ. ಕಡಲ ವ್ಯಾಪಾರದ ಕಾಲದಲ್ಲಿ ಹೋಗಿರಬಹುದು.

— ಬ. ನು., ತುಮಕೂರು

ಹೋಗಿಲ್ಲ. ಮೂಲ ‘ತೊಂಗ್‌ಕ್ರೊಂಗ್’, ಮೊದಲ ವ್ಯಂಜನ ಅನುನಾಸಿಕವಾಗಿದೆ, ಅಷ್ಟೆ. ಎರಡು ಪದಗಳಲ್ಲೂ ಕಕಾರ ರೇಫಗಳಿವೆ ಎಂಬುದು ನಂಟಲ್ಲ.

ಬರಿಗೂರಿಕೆಯನ್ನು ನಮ್ಮ ರೈತರು ‘ಬರಿ ಕೂರಿಗೆ’ ಎಂದು ಓದಿ ಬಿತ್ತನೆ ಮುಗಿಯಿತು ಎಂದುಕೊಳ್ಳುತ್ತಾರೆ. ಜೀವಂತ ಪದ ‘ಜಮಾಯಿಸು’. ‘ಠಳಾಯಿಸು’ ಕೂಡ ಹತ್ತಿರವಿತ್ತು, ಆದರೆ ಪತ್ರಿಕೆಗಳ ಅಪರಾಧ ಪುಟ ಅದನ್ನು ಕೆಡಿಸಿಟ್ಟಿದೆ. ಈಗ ಠಳಾಯಿಸುವವರೆಲ್ಲ ‘ಅನುಮಾನಾಸ್ಪದವಾಗಿ’ಯೇ ಠಳಾಯಿಸುತ್ತಾರೆ.

— ಪ್ರ. ಕು., ಧಾರವಾಡ

ಜಮಾಯಿಸು ಅರಬ್ಬಿಯ ಎಂಜಲು. ಎರವಲಿಗೆ ಮಿತಿ ಬೇಡವೇ? ಅದೇ ಇಂಡೋನೇಷ್ಯದ ಯುವಕರು 1928ರ ಅಕ್ಟೋಬರ್ 28ರಂದು ಬಟಾವಿಯದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, ಸೇರಿ, ಡಚ್ಚರ ಮೂಗಿನ ಕೆಳಗೇ ಒಂದು ನಾಡು, ಒಂದು ಜನ, ಒಂದು ನುಡಿ ಎಂದು ಪ್ರತಿಜ್ಞೆ ಮಾಡಿದರು. ಅವರಿಂದ ಕಲಿಯಬೇಕಾದದ್ದು ಅದು, ಕೆಂಡದ ಕಾಫಿಯಲ್ಲ.

— ಬ. ನು.

ಆ ಪ್ರತಿಜ್ಞೆಯನ್ನು ಓದಿ ಹೇಳುತ್ತಿದ್ದೀರಾ? ಅದರಲ್ಲಿ ಜನಕ್ಕೆ ‘ಬಂಗ್ಸ’, ನುಡಿಗೆ ‘ಬಹಾಸ’. ಒಂದು ವಂಶ, ಇನ್ನೊಂದು ಭಾಷೆ. ನುಡಿಯ ಹೆಮ್ಮೆಯ ಪ್ರತಿಜ್ಞೆಯಲ್ಲಿ ನುಡಿ ಎಂಬ ಪದವೇ ಎರವಲು! ನಮ್ಮ ಚಿಂತೆಯನ್ನು ಅವರು ‘ಚಿಂತಾ’ ಎಂದು ಪ್ರೀತಿಗೆ ಇಟ್ಟುಕೊಂಡಿದ್ದಾರೆ, ಸ್ವಾಮಿಯನ್ನು ‘ಸುವಾಮಿ’ ಎಂದು ಗಂಡನಿಗೆ. ಇಂದಿನವರಂತೂ ಕೇಳುವುದೇ ಬೇಡ. ದಕ್ಷಿಣ ಜಕಾರ್ತದ ಹುಡುಗರ ಮಾತಿನಲ್ಲಿ ಮೂರು ಪದಕ್ಕೊಂದು ‘ಲಿಟರಲಿ’ ಎಂದು ಉಳಿದವರು ಹಾಸ್ಯ ಮಾಡುತ್ತಾರೆ. ‘ಹೀಲಿಂಗ್’ ಎಂದರೆ ವಾರಾಂತ್ಯದ ಪ್ರವಾಸ. ಪರರ ವಿಷಯಕ್ಕೆ ಮೂಗು ತೂರಿಸುವವರನ್ನು ಕರೆಯುವ ‘ಕೆಪೊ’ ಹೊಕ್ಕಿಯೆನ್ ಚೀನಿಯಿಂದ ಬಂದದ್ದು. ಅವರ ಭಾಷೆ ಬಡವಾಗಿರುವಂತೆ ನನಗೆ ಕಾಣುವುದಿಲ್ಲ.

— ಪ್ರ. ಕು.

ಚಿಂತೆ ‘ನಮ್ಮದು’ ಯಾವಾಗಿನಿಂದ? ಸಂಸ್ಕೃತದ್ದು.

— ಬ. ನು.

ಮೇಡಂ ಕೇಳಿದ್ದು ಬೇರೆ, ಇಲ್ಲಿ ನಡೆಯುತ್ತಿರುವುದು ಬೇರೆ. ‘ಕಟ್ಟೆ ಕೂರುವುದು’ ಎಂದರೆ ಸಾಲದೇ? ಹಳ್ಳಿಯವರಿಗೆಲ್ಲ ತಿಳಿಯುತ್ತದೆ.

— ಲ. ಹೆ., ಶಿರಸಿ

ಎಲ್ಲರಿಗೂ ವಂದನೆ. ಕಟ್ಟೆಯನ್ನು ಬಹುತೇಕ ಒಪ್ಪಿದ್ದೆ. ಆದರೆ ಅದೇ ವಿಭಾಗದ ಇನ್ನೊಂದು ಚಿತ್ರ ಜಕಾರ್ತದ ದುಕುಹ್ ಅತಾಸ್‌ನದು, 2022ರ ಜುಲೈ. ಚಿತಾಯಮ್, ಬೊಜೊಂಗ್ ಗೆಡೆ, ದೆಪೊಕ್‌ಗಳಿಂದ ಲೋಕಲ್ ರೈಲಿನಲ್ಲಿ ಬಂದ ಹದಿಹರೆಯದವರು ರಾಜಧಾನಿಯ ನಡುಮಧ್ಯದ ಪಾದಚಾರಿ ದಾರಿಯಲ್ಲಿ ಸುಮ್ಮನೆ ಕುಳಿತಿದ್ದವರು, ಕೊನೆಗೆ ಜೀಬ್ರಾ ಪಟ್ಟೆಯನ್ನೇ ಫ್ಯಾಷನ್ ಮೆರವಣಿಗೆಯ ವೇದಿಕೆ ಮಾಡಿಕೊಂಡರು. ಅಗ್ಗದ ಬಟ್ಟೆಯಲ್ಲೇ ಅವರ ಠೀವಿ. ಅಲ್ಲಿ ಕಟ್ಟೆ ಎಲ್ಲಿಂದ ತರಲಿ? ಕಟ್ಟೆ ಎಂದರೆ ಊರಿನವರ ಜಾಗ. ಇವರು ಊರಿನವರೇ ಅಲ್ಲ, ಹೊರವಲಯದಿಂದ ಬಂದವರು.

ತಲೆಬರಹ ‘ನೊಂಗ್‌ಕ್ರೊಂಗ್’ ಎಂದೇ ಇರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಸುಮ್ಮನೆ ಕೂಡಿ ಕೂರುವುದು’. ಬೈಯುವವರು ನಾಳೆ ಬೈಯಿರಿ. ಈಗ ಕೊನೆಯದೊಂದು ಉಳಿದಿದೆ: ‘ಮಾಗೆರ್’. ‘ಮಲಸ್ ಗೆರಕ್’ ಎಂಬುದರ ಮೊಟಕು ರೂಪ, ಅಲುಗಾಡಲು ಸೋಮಾರಿತನ.

— ವ. ಎಸ್.

ಮೈಗಳ್ಳತನ. ಇದಕ್ಕೆ ಚರ್ಚೆ ಬೇಡ.

— ಗ. ಭ.

ಬೇಕು. ಮೈಗಳ್ಳ ಕೆಲಸ ತಪ್ಪಿಸುತ್ತಾನೆ, ಊಟಕ್ಕೆ ಮೊದಲು ಬರುತ್ತಾನೆ. ಮಾಗೆರ್ ಆದವನು ಊಟಕ್ಕೂ ಏಳುವುದಿಲ್ಲ, ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾನೆ.

— ಪ್ರ. ಕು.